ಮಂದ್ರದ ವಾದ್ಯ, ಮೌನದ ವ್ರತ: ಪಾಬ್ಲೊ ಕಸಾಲ್ಸ್ ಮತ್ತು ಚೆಲ್ಲೊ ವಾದನದ ಚರಿತ್ರೆ

ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಚೆಲ್ಲೊ ಎಂಬ ವಾದ್ಯವು ಹದಿನಾರನೆಯ ಶತಮಾನದಲ್ಲಿ ರೂಪುಗೊಂಡ ದಿನದಿಂದ ಬಹುಕಾಲದವರೆಗೆ ಮುಖ್ಯವಾಗಿ ಆಸರೆಯ ವಾದ್ಯವಾಗಿತ್ತು. ಹಾಡುಗಾರರಿಗೂ ಪಿಟೀಲಿಗೂ ಕೆಳಗಿನಿಂದ ಮಂದ್ರಸ್ವರದ ನೆಲೆಯನ್ನು ಒದಗಿಸುವುದು ಅದರ ಪಾಲಿನ ಕೆಲಸವಾಗಿತ್ತು. ಅದರಲ್ಲಿ ಅಸಾಧಾರಣ ಕೌಶಲ ತೋರಿದ ವಾದಕರು ಪ್ರತಿ ತಲೆಮಾರಿನಲ್ಲಿಯೂ ಇದ್ದರಾದರೂ, ಒಬ್ಬನೇ ವಾದಕ ಬೇರೆ ಯಾವ ಪಕ್ಕವಾದ್ಯವೂ ಇಲ್ಲದೆ ವೇದಿಕೆಯ ಮೇಲೆ ಕುಳಿತು, ಇಡೀ ಸಭೆಯನ್ನು ಹಿಡಿದಿಡಬಲ್ಲ ವಾದ್ಯವಿದು ಎಂಬ ನಂಬಿಕೆ ನೆಲೆಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಈ ಬದಲಾವಣೆಯ ಹಿಂದೆ ಹಲವರ ಶ್ರಮವಿದೆ. ಆದರೆ ಅದು ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು ಸ್ಪೇನಿನ ಕ್ಯಾಟಲೋನಿಯದ ಪಾಬ್ಲೊ ಕಸಾಲ್ಸ್ (1876–1973) ಎಂಬ ವಾದಕನ ಸುದೀರ್ಘ ಬದುಕಿನಲ್ಲಿ. ಚೆಲ್ಲೊಗೆ ಸ್ವತಂತ್ರವಾದ ದನಿ ದೊರಕಿಸಿಕೊಟ್ಟ ಈತನೇ ಖ್ಯಾತಿಯ ತುದಿಯಲ್ಲಿದ್ದಾಗ ಆತ್ಮಸಾಕ್ಷಿಯ ಕಾರಣಕ್ಕೆ ಸಾರ್ವಜನಿಕ ವಾದನವನ್ನು ನಿಲ್ಲಿಸಿದನೆಂಬುದರಿಂದ, ಅವನ ಚರಿತ್ರೆಯನ್ನು ಬರೆಯುವಾಗ ಅವನ ನಾದದ ಜೊತೆಗೆ ಅವನ ಮೌನದ ಚರಿತ್ರೆಯನ್ನೂ ಬರೆಯಬೇಕಾಗುತ್ತದೆ.

ಚೆಲ್ಲೊ ಪಿಟೀಲಿನ ಮನೆತನಕ್ಕೆ ಸೇರಿದ ವಾದ್ಯ. ಪಿಟೀಲನ್ನು ಗಲ್ಲದ ಕೆಳಗೆ ಆನಿಸಿ ನುಡಿಸಿದರೆ, ಆಕಾರದಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಚೆಲ್ಲೊವನ್ನು ವಾದಕನು ಕುರ್ಚಿಯ ಮೇಲೆ ಕುಳಿತು, ಎರಡು ಮೊಣಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಾನೆ. ಇದರ ಪೂರ್ಣ ಹೆಸರು ವಯೊಲೊಂಚೆಲ್ಲೊ. ಇಟಾಲಿಯನ್ ಭಾಷೆಯಲ್ಲಿ 'ವಯೊಲೋನೆ' ಎಂದರೆ ದೊಡ್ಡ ಗಾತ್ರದ ತಂತಿವಾದ್ಯ, ಅದಕ್ಕೆ ಕಿರಿದೆಂಬ ಅರ್ಥದ ಪ್ರತ್ಯಯ ಸೇರಿ ಈ ಪದವಾಗಿದೆ. ಸಿ, ಜಿ, ಡಿ, ಎ ಎಂಬ ಸ್ವರಗಳಿಗೆ ಶ್ರುತಿ ಮಾಡಲಾಗುವ ಇದರ ನಾಲ್ಕು ತಂತಿಗಳಲ್ಲಿ ಪಕ್ಕಪಕ್ಕದ ಎರಡರ ನಡುವೆ ಷಡ್ಜ-ಪಂಚಮದ ಅಂತರವಿರುತ್ತದೆ. ಮೊದಲಿಗೆ ತಂತಿಗಳನ್ನು ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದುದರಿಂದ, ಮಂದ್ರದ ತಂತಿ ಬಹಳ ದಪ್ಪವಾಗಿದ್ದು ನಾದ ಮಂಕಾಗುತ್ತಿತ್ತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಕರುಳಿನ ಮೇಲೆ ಲೋಹದ ತೆಳುತಂತಿಯನ್ನು ಸುತ್ತುವ ಕ್ರಮ ಬಂದ ಮೇಲೆ ತೆಳುವಾದ ತಂತಿಯಿಂದಲೇ ಮಂದ್ರಸ್ವರವನ್ನು ಪಡೆಯುವುದು ಸಾಧ್ಯವಾಯಿತು, ವಾದ್ಯದ ಗಾತ್ರವೂ ಬೆರಳುಗಳಿಗೆ ಒಗ್ಗುವಷ್ಟು ಕಿರಿದಾಯಿತು. ಇಟಲಿಯ ಬೊಲೋನ್ಯ ನಗರದಲ್ಲಿ ಡೊಮೆನಿಕೊ ಗಾಬ್ರಿಯೆಲ್ಲಿ 1689ರಲ್ಲಿ ಒಂಟಿ ಚೆಲ್ಲೊಗಾಗಿ ಬರೆದ ಕೃತಿಗಳು ಈ ಬದಲಾವಣೆಯ ಬೆನ್ನಿಗೇ ಬಂದವು.

ಇದಾದ ಮೂವತ್ತು ವರ್ಷಗಳ ಆಸುಪಾಸಿನಲ್ಲಿ, ಜರ್ಮನಿಯ ಕೋಥೆನ್ ಆಸ್ಥಾನದಲ್ಲಿ ಸಂಗೀತ ನಿರ್ದೇಶಕನಾಗಿದ್ದ ಯೊಹಾನ್ ಸೆಬಾಸ್ಟಿಯನ್ ಬಾಖ್ ಒಂಟಿ ಚೆಲ್ಲೊಗಾಗಿ ಆರು ಕೃತಿಗಳನ್ನು ರಚಿಸಿದನೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಒಂದು ಪ್ರಸ್ತಾವನೆಯ ಹಿಂದೆ ಅಂದಿನ ನೃತ್ಯಗಳ ಲಯಗಳನ್ನು ಆಧರಿಸಿದ ಐದು ಭಾಗಗಳನ್ನು ಪೋಣಿಸಿರುವ ಈ ಬಗೆಯ ರಚನೆಯನ್ನು ಕನ್ನಡದಲ್ಲಿ ನೃತ್ಯಗುಚ್ಛ ಎಂದು ಕರೆಯಬಹುದು. ಬಾಖ್‌ನ ಸ್ವಂತ ಹಸ್ತಪ್ರತಿ ಉಳಿದಿಲ್ಲ; ಅವನ ಹೆಂಡತಿ ಆನ್ನಾ ಮಗ್ದಲೇನಾ ಮಾಡಿದ ನಕಲು ಇಂದಿನ ಮುಖ್ಯ ಆಧಾರಗಳಲ್ಲಿ ಒಂದು. ಒಂದೇ ವಾದ್ಯದಲ್ಲಿ ಹಲವು ದನಿಗಳು ಏಕಕಾಲಕ್ಕೆ ಕೇಳಿಸುತ್ತಿವೆಯೆಂಬ ಭಾವನೆಯನ್ನು ಹುಟ್ಟಿಸುವುದು ಈ ಕೃತಿಗಳ ವೈಶಿಷ್ಟ್ಯ. ಮೊದಲನೆಯ ಗುಚ್ಛದ ಪ್ರಸ್ತಾವನೆಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ: ವಾದಕನು ಮೊದಲು ಬೆರಳಿಡದ ಜಿ ತಂತಿಯನ್ನು, ಆಮೇಲೆ ಬೆರಳಿಡದ ಡಿ ತಂತಿಯನ್ನು ನುಡಿಸಿ, ಮೂರನೆಯದಾಗಿ ಎತ್ತರದ ಎ ತಂತಿಗೆ ಏರುತ್ತಾನೆ, ಮೊದಲ ನಾಲ್ಕು ಆವರ್ತಗಳಲ್ಲಿಯೂ ತಳದ ಜಿ ಸ್ವರ ಬದಲಾಗುವುದೇ ಇಲ್ಲ. ಕಮಾನು ಆ ತಂತಿಯ ಮೇಲೆ ನಿಲ್ಲುವುದು ಕ್ಷಣಮಾತ್ರವಾದರೂ, ತಂಬೂರಿಯ ಶ್ರುತಿಯಂತೆ ಆ ಸ್ವರ ಕೇಳುಗನ ಕಿವಿಯಲ್ಲಿ ಉಳಿದು ಮೇಲಿನ ಸ್ವರಗಳಿಗೆಲ್ಲ ನೆಲೆಯಾಗುತ್ತದೆ. ಇಷ್ಟು ಸೂಕ್ಷ್ಮವಾದ ರಚನೆಗಳನ್ನು ಹತ್ತೊಂಬತ್ತನೆಯ ಶತಮಾನವು ಬಹುಮಟ್ಟಿಗೆ ಬೆರಳುಸಾಧನೆಯ ಪಾಠಗಳೆಂದು ಬಗೆಯಿತು. ಸಭೆಯಲ್ಲಿ ನುಡಿಸುವುದಾದರೆ ಒಂದೆರಡು ಭಾಗಗಳನ್ನಷ್ಟೇ ಆರಿಸಿಕೊಳ್ಳುವುದು ರೂಢಿಯಾಗಿತ್ತು, ಮತ್ತು ಒಂಟಿ ದನಿ ಸಾಲದೆಂಬ ಭಾವನೆಯಿಂದ ರಾಬರ್ಟ್ ಶೂಮನ್‌ನಂಥ ಹಿರಿಯ ಸಂಗೀತಗಾರನೂ ಇವುಗಳಿಗೆ ಪಿಯಾನೊ ಪಕ್ಕವಾದ್ಯವನ್ನು ಬರೆದಿದ್ದನು.

ಆ ಶತಮಾನದ ಚೆಲ್ಲೊ ವಾದನ ಹಿಂದುಳಿದಿತ್ತೆಂದು ಇದರರ್ಥವಲ್ಲ. ಮ್ಯಾಡ್ರಿಡ್‌ನಲ್ಲಿ ನೆಲೆಸಿ ಅಲ್ಲಿಯೇ ತೀರಿಕೊಂಡ ಇಟಲಿಯ ಲುಯಿಜಿ ಬೊಕ್ಕೆರಿನಿ (1743–1805) ಚೆಲ್ಲೊವನ್ನು ತಾರಸ್ಥಾಯಿಯ ತುದಿಯವರೆಗೆ ಒಯ್ದಿದ್ದನು; ಫ್ರಾನ್ಸಿನ ಜ್ಯಾನ್-ಲೂಯಿ ದ್ಯುಪೋರ್ ಯಾವ ಸ್ವರಕ್ಕೆ ಯಾವ ಬೆರಳೆಂಬುದನ್ನು ಶಾಸ್ತ್ರೀಯವಾಗಿ ನಿರೂಪಿಸಿದ್ದನು. ಬೆಲ್ಜಿಯಂನ ಆಡ್ರಿಯೆನ್-ಫ್ರಾನ್ಸ್ವಾ ಸರ್ವೇ (1807–1866) ವಾದ್ಯದ ಬುಡಕ್ಕೆ ನೆಲಕ್ಕೂರುವ ಕಡ್ಡಿಯನ್ನು ಜೋಡಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದರಿಂದ, ಅದುವರೆಗೆ ಮೀನಖಂಡಗಳ ಬಿಗಿತದಲ್ಲಿ ವಾದ್ಯವನ್ನು ಹಿಡಿದು ನಿಲ್ಲಿಸಬೇಕಾಗಿದ್ದ ವಾದಕನ ಮೈ ಸಡಿಲಗೊಂಡಿತು, ಹೆಣ್ಣುಮಕ್ಕಳು ಈ ವಾದ್ಯವನ್ನು ಕಲಿಯಲು ಇದ್ದ ಸಂಕೋಚವೂ ಕ್ರಮೇಣ ಕಡಿಮೆಯಾಯಿತು. ಆದರೂ ಪಾಠಶಾಲೆಗಳಲ್ಲಿ ಬಲಗೈಯ ಶಿಸ್ತು ಬಿಗಿಯಾಗಿಯೇ ಉಳಿದಿತ್ತು: ಕಮಾನು ಹಿಡಿದ ತೋಳು ಮೈಗೆ ಅಂಟಿಕೊಂಡಿರಬೇಕೆಂಬ ನಿಯಮವಿದ್ದು, ಅದು ಅಭ್ಯಾಸವಾಗಲೆಂದು ವಿದ್ಯಾರ್ಥಿಗಳ ಕಂಕುಳಲ್ಲಿ ಪುಸ್ತಕವೊಂದನ್ನು ಇರಿಸಿ, ಅದು ಬೀಳದಂತೆ ನುಡಿಸಲು ಹೇಳುತ್ತಿದ್ದರು.

ಕಸಾಲ್ಸ್ ಹುಟ್ಟಿದ್ದು 1876ರ ಡಿಸೆಂಬರ್ 29ರಂದು, ಬಾರ್ಸಿಲೋನದ ನೈಋತ್ಯಕ್ಕಿರುವ ಎಲ್ ವೆಂಡ್ರೆಲ್ ಎಂಬ ಸಣ್ಣ ಊರಿನಲ್ಲಿ. ಅವನ ಮಾತೃಭಾಷೆಯಾದ ಕ್ಯಾಟಲನ್‌ನಲ್ಲಿ ಅವನ ಹೆಸರು ಪಾವ್. ಆ ಪದಕ್ಕೆ ಶಾಂತಿ ಎಂಬ ಅರ್ಥವೂ ಉಂಟು. ತಂದೆ ಕಾರ್ಲೆಸ್ ಕಸಾಲ್ಸ್ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ, ಗಾಯನವೃಂದವನ್ನು ನಡೆಸುತ್ತ ಅಲ್ಪ ಸಂಪಾದನೆಯಲ್ಲಿ ಸಂಸಾರ ತೂಗಿಸುತ್ತಿದ್ದನು. ತಾಯಿ ಪಿಲಾರ್, ಕ್ಯಾಟಲನ್ ತಂದೆತಾಯಿಗಳಿಗೆ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದಲ್ಲಿ ಹುಟ್ಟಿದವಳು. ಅಲೆಮಾರಿ ವಾದಕರ ಕೈಯಲ್ಲಿ ವಿಚಿತ್ರವಾದ ತಂತಿವಾದ್ಯವೊಂದನ್ನು ಕಂಡು ಮಗ ಹಂಬಲಿಸಿದಾಗ, ತಂದೆ ಒಣಗಿದ ಸೋರೆಬುರುಡೆಯನ್ನು ನಾದಪೆಟ್ಟಿಗೆಯಾಗಿ ಮಾಡಿ, ಅದಕ್ಕೆ ಒಂದೇ ತಂತಿ ಬಿಗಿದು ಕೊಟ್ಟನು. ತಂಬೂರಿಗೂ ವೀಣೆಗೂ ಬುರುಡೆ ಕಟ್ಟುವ ನಾಡಿನ ಓದುಗರಿಗೆ ಈ ಸಂಗತಿ ಅಪರಿಚಿತವೆನಿಸದು. 1888ರಲ್ಲಿ ಆ ಊರಿಗೆ ಕಛೇರಿಗೆಂದು ಬಂದ ತಂಡದಲ್ಲಿ ಜೋಸೆಪ್ ಗಾರ್ಸಿಯಾ ಎಂಬ ವಾದಕನ ನಿಜವಾದ ಚೆಲ್ಲೊವನ್ನು ಕೇಳಿದ ಹನ್ನೊಂದರ ಹುಡುಗ ಆ ವಾದ್ಯವನ್ನೇ ಕಲಿಯಬೇಕೆಂದು ಹಟ ಹಿಡಿದನು. ಸಂಗೀತದಿಂದ ಹೊಟ್ಟೆ ತುಂಬದೆಂಬುದನ್ನು ಸ್ವಂತ ಅನುಭವದಿಂದ ಅರಿತಿದ್ದ ತಂದೆಗೆ ಮಗನನ್ನು ಬಡಗಿಯ ಬಳಿ ಕೆಲಸಕ್ಕೆ ಬಿಡುವ ಯೋಚನೆಯಿತ್ತು. ತಾಯಿ ಅದಕ್ಕೆ ಒಪ್ಪದೆ ಅದೇ ವರ್ಷ ಅವನನ್ನು ಬಾರ್ಸಿಲೋನಕ್ಕೆ ಕರೆದೊಯ್ದು ಗಾರ್ಸಿಯಾ ಕಲಿಸುತ್ತಿದ್ದ ನಗರಸಭೆಯ ಸಂಗೀತ ಶಾಲೆಗೆ ಸೇರಿಸಿದಳು.

ಬಾರ್ಸಿಲೋನದಲ್ಲಿ ಹುಡುಗನ ಹಗಲು ಶಾಲೆಯಲ್ಲಿಯೂ ಸಂಜೆ ಗ್ರಾಸಿಯಾ ಬಡಾವಣೆಯ 'ಕೆಫೆ ಟೋಸ್ಟ್'ನಲ್ಲಿಯೂ ಕಳೆಯುತ್ತಿತ್ತು. ಆ ಕಾಫಿಮಂದಿರದಲ್ಲಿ ಮೂವರ ತಂಡವೊಂದರಲ್ಲಿ ನುಡಿಸಿ ಅವನು ಸಂಪಾದಿಸುತ್ತಿದ್ದನು, ವಾರದಲ್ಲಿ ಒಂದು ರಾತ್ರಿಯನ್ನು ಶಾಸ್ತ್ರೀಯ ಸಂಗೀತಕ್ಕೇ ಮೀಸಲಿಡುವಂತೆ ಮಾಲೀಕನನ್ನು ಒಪ್ಪಿಸಿದ್ದನು. ಈ ವರ್ಷಗಳಲ್ಲಿಯೇ ಅವನು ಕಲಿತ ಪದ್ಧತಿಯನ್ನು ತನ್ನಷ್ಟಕ್ಕೆ ಒರೆಗೆ ಹಚ್ಚತೊಡಗಿದನು. ಕಂಕುಳಿನ ಪುಸ್ತಕವನ್ನು ತೆಗೆದುಹಾಕಿ, ತೋಳು ಭುಜದಿಂದಲೇ ಬಿಡುವಾಗಿ ಚಲಿಸುವಂತೆ ಮಾಡಿದ್ದರಿಂದ ಕಮಾನಿನ ಬುಡದಿಂದ ತುದಿಯವರೆಗೂ ಒಂದೇ ತೂಕದ ನಾದವನ್ನು ಹೊರಡಿಸುವುದು ಸಾಧ್ಯವಾಯಿತು. ಎಡಗೈಯಲ್ಲಿ ಮಾಡಿದ ಬದಲಾವಣೆ ಇನ್ನೂ ಮಹತ್ವದ್ದು. ಚೆಲ್ಲೊದ ತಂತಿ ಉದ್ದವಾದ್ದರಿಂದ ಸ್ವರಸ್ಥಾನಗಳು ಪಿಟೀಲಿನಲ್ಲಿರುವುದಕ್ಕಿಂತ ದೂರದೂರವಿದ್ದು, ಕೈಯನ್ನು ಮೇಲಕ್ಕೂ ಕೆಳಕ್ಕೂ ಮತ್ತೆ ಮತ್ತೆ ಸರಿಸಬೇಕಾಗುತ್ತದೆ. ಹೀಗೆ ಸರಿಸುವಾಗ ಎರಡು ಸ್ವರಗಳ ನಡುವೆ ಬೇಡದ ಕಡೆಯೂ ಜಾರು ಕೇಳಿಸುತ್ತಿತ್ತು. ಕಸಾಲ್ಸ್ ಬೆರಳುಗಳನ್ನು ಅಗಲಿಸಿ, ಕೈಯನ್ನು ಕದಲಿಸದೆಯೇ ದೂರದ ಸ್ವರವನ್ನು ಮುಟ್ಟುವ ಕ್ರಮವನ್ನು ವ್ಯಾಪಕವಾಗಿ ಬಳಸಿದನು. ಇದರಿಂದ ಜಾರು ಅನಿವಾರ್ಯವಾದ ಸದ್ದಾಗಿ ಉಳಿಯದೆ, ವಾದಕನು ಭಾವಕ್ಕೆ ತಕ್ಕಂತೆ ಬೇಕೆಂದೇ ಬಳಸುವ ಅಲಂಕಾರವಾಯಿತು. ಸ್ವರವನ್ನು ಪಿಯಾನೊದ ಅಚಲವಾದ ಮನೆಗಳಿಗೆ ಕಟ್ಟಿಹಾಕದೆ, ಮುಂದಿನ ಸ್ವರದತ್ತ ಹೊರಟ ಸ್ವರವನ್ನು ಅದರ ಸಮೀಪಕ್ಕೆ ಕೊಂಚ ವಾಲಿಸಿ ನುಡಿಸಬೇಕೆಂದೂ ಅವನು ಕಲಿಸುತ್ತಿದ್ದನು. ರಾಗದ ಸಂಚಾರಕ್ಕೆ ತಕ್ಕಂತೆ ಸ್ವರದ ಶ್ರುತಿ ಕದಲುವುದನ್ನು ಕೇಳಿ ಬೆಳೆದವರಿಗೆ ಈ ಮಾತಿನ ಹುರುಳು ಸುಲಭವಾಗಿ ತಿಳಿಯುತ್ತದೆ.

1890ರಲ್ಲಿ, ಕೆಫೆಯಲ್ಲಿ ನುಡಿಸಲು ಹೊಸ ಕೃತಿಗಳನ್ನು ಹುಡುಕುತ್ತ ತಂದೆಯೊಂದಿಗೆ ಬಾರ್ಸಿಲೋನ ಬಂದರಿನ ಸಮೀಪದ ಹಳೆಯ ಸಂಗೀತ ಪುಸ್ತಕಗಳ ಅಂಗಡಿಯೊಂದನ್ನು ಹೊಕ್ಕ ಹದಿಮೂರರ ಕಸಾಲ್ಸ್‌ಗೆ ಬಾಖ್‌ನ ಆರು ನೃತ್ಯಗುಚ್ಛಗಳ ಮುದ್ರಿತ ಪ್ರತಿ ದೊರೆಯಿತು. ಅಂಥ ಕೃತಿಗಳಿವೆಯೆಂಬುದನ್ನು ಆ ತನಕ ಯಾರೂ ಅವನಿಗೆ ಹೇಳಿರಲಿಲ್ಲ. ಸುಮಾರು ಹನ್ನೆರಡು ವರ್ಷಗಳ ಕಾಲ ಅವನು ಅವುಗಳನ್ನು ದಿನವೂ ಅಭ್ಯಾಸ ಮಾಡಿದನು, ಆ ಬಳಿಕವೇ ಒಂದು ಗುಚ್ಛವನ್ನು ಪೂರ್ಣವಾಗಿ ಸಭೆಯಲ್ಲಿ ನುಡಿಸಲು ಧೈರ್ಯ ಮಾಡಿದನು. ಯಾವ ಭಾಗವನ್ನೂ ಬಿಡದೆ, ಪುನರಾವರ್ತನೆಗಳನ್ನು ಮೊಟಕುಗೊಳಿಸದೆ, ಪಿಯಾನೊದ ನೆರವಿಲ್ಲದೆ ಅವನು ಇಡೀ ಗುಚ್ಛವನ್ನು ಒಂದೇ ಕೃತಿಯಾಗಿ ನಿಲ್ಲಿಸಿದಾಗ, ಒಣ ಅಭ್ಯಾಸಪಾಠವೆಂದು ತಿಳಿದಿದ್ದ ಸಂಗೀತದಲ್ಲಿ ನೃತ್ಯದ ಲಯವೂ ಮಾತಿನ ಏರಿಳಿತವೂ ಇವೆಯೆಂಬುದು ಕೇಳುಗರಿಗೆ ಮನವರಿಕೆಯಾಯಿತು.

ಈ ಹನ್ನೆರಡು ವರ್ಷಗಳ ಬದುಕು ಸುಗಮವಾಗಿರಲಿಲ್ಲ. ಕೆಫೆಯಲ್ಲಿ ಅವನ ವಾದನವನ್ನು ಕೇಳಿದ ಸಂಗೀತಕಾರ ಇಸಾಕ್ ಆಲ್ಬೆನಿಸ್ ಬರೆದುಕೊಟ್ಟ ಪರಿಚಯಪತ್ರದ ಬಲದಿಂದ ಮ್ಯಾಡ್ರಿಡ್‌ನಲ್ಲಿ ಕೌಂಟ್ ಮಾರ್ಫಿಯ ಆಶ್ರಯವೂ, ರಾಜಪ್ರತಿನಿಧಿಯಾಗಿದ್ದ ರಾಣಿ ಮರಿಯಾ ಕ್ರಿಸ್ಟಿನಾಳ ವಿದ್ಯಾರ್ಥಿವೇತನವೂ ಲಭಿಸಿದವು. 1895ರಲ್ಲಿ ಹೆಚ್ಚಿನ ಕಲಿಕೆಗೆಂದು ಬ್ರಸೆಲ್ಸ್‌ಗೆ ಹೋದಾಗ ಅಲ್ಲಿನ ಪ್ರಾಧ್ಯಾಪಕ ತರಗತಿಯ ಎದುರಿನಲ್ಲಿ ಅವನನ್ನು ಗೇಲಿ ಮಾಡಿ, ವಾದನವನ್ನು ಕೇಳಿದ ಮೇಲೆ ಬೆರಗಾಗಿ ಪ್ರಥಮ ಬಹುಮಾನದ ಆಸೆ ತೋರಿಸಿದರೂ, ಕಸಾಲ್ಸ್ ಅದನ್ನು ನಿರಾಕರಿಸಿ ಮರುದಿನವೇ ಪ್ಯಾರಿಸ್‌ಗೆ ಹೊರಟುಬಿಟ್ಟನು. ವಿದ್ಯಾರ್ಥಿವೇತನ ನಿಂತುಹೋಯಿತು, ಪ್ಯಾರಿಸ್ಸಿನ ಮನರಂಜನಾ ಮಂದಿರವೊಂದರ ವಾದ್ಯವೃಂದದಲ್ಲಿ ಎರಡನೆಯ ಚೆಲ್ಲೊ ನುಡಿಸಿ ಅವನು ತಂದ ಕಾಸು ಸಾಲದೆ, ತಾಯಿ ಹೊಲಿಗೆಯಿಂದ ಸಂಪಾದಿಸಿದಳು, ಕೊನೆಗೆ ತನ್ನ ಉದ್ದನೆಯ ಕೂದಲನ್ನೂ ಕತ್ತರಿಸಿ ಮಾರಿದಳು. 1896ರಲ್ಲಿ ಬಾರ್ಸಿಲೋನಕ್ಕೆ ಮರಳಿದಾಗ, ಗುರು ಗಾರ್ಸಿಯಾ ಅರ್ಜೆಂಟೀನಾಕ್ಕೆ ಹೊರಟಿದ್ದರಿಂದ ತೆರವಾದ ಬೋಧಕನ ಸ್ಥಾನ ಶಿಷ್ಯನಿಗೆ ಬಂತು. 1899ರ ನವೆಂಬರಿನಲ್ಲಿ ಪ್ಯಾರಿಸ್‌ನ ಲಾಮುರೋ ವಾದ್ಯವೃಂದದೊಂದಿಗೆ ಅವನು ಎದ್ವಾರ್ ಲಾಲೊನ ಚೆಲ್ಲೊ ಕಂಚೆರ್ಟೊವನ್ನು, ಅಂದರೆ ಒಂಟಿ ವಾದಕನಿಗೂ ಇಡೀ ವಾದ್ಯವೃಂದಕ್ಕೂ ನಡುವಿನ ಸಂವಾದದಂತೆ ರಚಿತವಾದ ಕೃತಿಯನ್ನು, ನುಡಿಸಿದ ಮೇಲೆ ಅವನ ಖ್ಯಾತಿ ಯುರೋಪಿನಾದ್ಯಂತ ಹರಡಿತು.

ಮುಂದಿನ ಮೂರು ದಶಕಗಳು ಸಂಚಾರದ ಮತ್ತು ಸಮೃದ್ಧಿಯ ಕಾಲ. 1901ರ ಅಮೆರಿಕ ಪ್ರವಾಸದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಬಳಿಯ ಬೆಟ್ಟವೊಂದರಲ್ಲಿ ಉರುಳಿಬಂದ ಬಂಡೆಗಲ್ಲು ಅವನ ಎಡಗೈಯನ್ನು ಜಜ್ಜಿತಾದರೂ ಕೈ ಗುಣವಾಯಿತು. 1904ರಲ್ಲಿ ಅವನು ಶ್ವೇತಭವನದಲ್ಲಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಮುಂದೆ ನುಡಿಸಿದನು. ಪಿಯಾನೊ ವಾದಕ ಆಲ್ಫ್ರೆಡ್ ಕೋರ್ಟೊ ಮತ್ತು ಪಿಟೀಲುವಾದಕ ಜಾಕ್ ತಿಬೊ ಅವರೊಂದಿಗೆ ಕಟ್ಟಿದ ಮೂವರ ತಂಡ ಆ ಕಾಲದ ಅತ್ಯಂತ ಗೌರವಾನ್ವಿತ ತಂಡಗಳಲ್ಲೊಂದಾಯಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ವೆನಿಸ್‌ನಲ್ಲಿ ವಾದ್ಯಗಳನ್ನು ತಯಾರಿಸುತ್ತಿದ್ದ ಮತ್ತೆಯೊ ಗೊಫ್ರಿಲ್ಲರ್‌ನ ಒಂದು ಚೆಲ್ಲೊ ಅವನ ಕೈಸೇರಿ ಜೀವಮಾನದ ಸಂಗಾತಿಯಾಯಿತು. ಕೆಲವು ವರ್ಷ ಅವನೊಂದಿಗೆ ಬಾಳಿದ ಪೋರ್ಚುಗಲ್ಲಿನ ಗಿಲ್ಯೆರ್ಮಿನಾ ಸೂಜಿಯಾ ಸ್ವತಃ ಮೇಲ್ಮಟ್ಟದ ಚೆಲ್ಲೊ ವಾದಕಿಯಾಗಿದ್ದು, ಹೆಣ್ಣುಮಕ್ಕಳು ಈ ವಾದ್ಯದಲ್ಲಿ ಮುಂಚೂಣಿಗೆ ಬರುವುದಕ್ಕೆ ಅವಳ ಸಾಧನೆ ದೊಡ್ಡ ಪ್ರೇರಣೆಯಾಯಿತು.

ಕೈಗೆ ಬಂದ ಹಣವನ್ನು ಕಸಾಲ್ಸ್ ತನ್ನ ನಾಡಿನಲ್ಲಿಯೇ ಬಿತ್ತಿದನು. 1920ರಲ್ಲಿ ಬಾರ್ಸಿಲೋನದಲ್ಲಿ ತನ್ನ ಹೆಸರಿನ ವಾದ್ಯವೃಂದವನ್ನು ಆರಂಭಿಸಿ, ಅದಕ್ಕಾದ ಮೊದಲ ವರ್ಷಗಳ ನಷ್ಟವನ್ನು ತನ್ನ ಕಛೇರಿಗಳ ಸಂಪಾದನೆಯಿಂದಲೇ ತುಂಬಿದನು. ಅದರ ಜೊತೆಗೆ 1926ರ ಹೊತ್ತಿಗೆ ಕಾರ್ಯಾರಂಭ ಮಾಡಿದ ಕಾರ್ಮಿಕರ ಕಛೇರಿ ಸಂಘವು ಕಡಿಮೆ ಕೂಲಿಯ ದುಡಿಮೆಗಾರರಿಗೆ ಅತ್ಯಲ್ಪ ವಂತಿಗೆಯಲ್ಲಿ ಭಾನುವಾರದ ಬೆಳಿಗ್ಗೆ ಇದೇ ವಾದ್ಯವೃಂದದ ಸಂಗೀತವನ್ನು ಕೇಳುವ ಅವಕಾಶ ಕಲ್ಪಿಸಿತು. ಅರಮನೆಗಳಲ್ಲಿ ನುಡಿಸಿದ್ದವನು ಗಿರಣಿಯ ಕೆಲಸಗಾರರನ್ನು ಅದೇ ಮಟ್ಟದ ಕೇಳುಗರೆಂದು ಭಾವಿಸಿ ನಡೆಸಿಕೊಂಡದ್ದು ಅವನ ಮುಂದಿನ ನಿಲುವುಗಳನ್ನು ಅರ್ಥಮಾಡಿಕೊಳ್ಳಲು ಅಗತ್ಯವಾದ ಸಂಗತಿ.

1936ರ ಜುಲೈ 18ರ ಸಂಜೆ ಈ ವಾದ್ಯವೃಂದವು ಬೀಥೊವನ್‌ನ ಒಂಬತ್ತನೆಯ ಸಿಂಫನಿಯ ತಾಲೀಮು ನಡೆಸುತ್ತಿದ್ದಾಗ, ಸೇನೆಯ ಬಂಡಾಯ ಆರಂಭವಾಗಿದೆಯೆಂದೂ ಕೂಡಲೇ ಎಲ್ಲರೂ ಚದುರಬೇಕೆಂದೂ ಸುದ್ದಿ ಬಂತು. ಕಸಾಲ್ಸ್ ಮುಂದೆ ಹೇಳಿಕೊಂಡ ಪ್ರಕಾರ, ಇನ್ನು ಯಾವಾಗ ಸೇರುತ್ತೇವೋ ತಿಳಿಯದೆಂದು, ಮನುಷ್ಯರೆಲ್ಲರ ಸೋದರತ್ವವನ್ನು ಸಾರುವ ಅದರ ಅಂತಿಮ ಭಾಗವನ್ನು ಗಾಯಕರೂ ವಾದಕರೂ ಕೂಡಿ ಮುಗಿಸಿ, ಬಳಿಕ ಬೀದಿಗಿಳಿದರು. ಅದೇ ವರ್ಷದ ನವೆಂಬರಿನಲ್ಲಿ, ಅರವತ್ತು ತುಂಬಲು ಕೆಲವೇ ವಾರಗಳಿದ್ದಾಗ, ಅವನು ಲಂಡನ್ನಿನ ಅಬೆ ರೋಡ್ ಸ್ಟುಡಿಯೊದಲ್ಲಿ ಬಾಖ್‌ನ ಎರಡನೆಯ ಮತ್ತು ಮೂರನೆಯ ಗುಚ್ಛಗಳನ್ನು ಧ್ವನಿಮುದ್ರಿಸಿದನು. ಉಳಿದ ನಾಲ್ಕು 1938 ಮತ್ತು 1939ರಲ್ಲಿ ಪ್ಯಾರಿಸ್‌ನಲ್ಲಿ ಪೂರ್ಣಗೊಂಡವು. ಆರೂ ಗುಚ್ಛಗಳನ್ನು ಇಡಿಯಾಗಿ ಮೊದಲ ಬಾರಿಗೆ ಒಳಗೊಂಡ ಈ ಮುದ್ರಣಗಳು ಸಿದ್ಧವಾದದ್ದು ಸ್ಪೇನಿನ ಅಂತರ್ಯುದ್ಧದ ವರ್ಷಗಳಲ್ಲಿ ಎಂಬುದು ಗಮನಾರ್ಹ.

1939ರಲ್ಲಿ ಆ ಯುದ್ಧದಲ್ಲಿ ಸ್ಪೇನಿನ ಗಣರಾಜ್ಯ ಸೋತು, ಬಂಡಾಯದ ನಾಯಕ ಫ್ರಾಂಕೊನ ಸರ್ವಾಧಿಕಾರ ನೆಲೆಗೊಂಡಾಗ ಕಸಾಲ್ಸ್ ದೇಶ ತೊರೆದು, ಗಡಿಯಾಚೆ ಫ್ರಾನ್ಸಿನ ಪಿರೆನೀಸ್ ಬೆಟ್ಟಗಳ ತಪ್ಪಲಿನ ಪ್ರಾದ್ ಎಂಬ ಊರಿನಲ್ಲಿ ನೆಲೆಸಿದನು. ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಲಾಗಿತ್ತು. ಅವರಿಗೆ ಅನ್ನ, ಬಟ್ಟೆ, ಔಷಧಿ ಒದಗಿಸಲು ಅವನು ಜಗತ್ತಿನ ಪರಿಚಿತರಿಗೆಲ್ಲ ಕೈಬರಹದ ಪತ್ರಗಳನ್ನು ಬರೆಯುತ್ತ, ಸಹಾಯಾರ್ಥ ಕಛೇರಿಗಳನ್ನು ನೀಡುತ್ತ ದಿನಗಳನ್ನು ಕಳೆದನು. ಈ ಮೊದಲೇ, 1933ರಲ್ಲಿ, ನಾಜಿ ಜರ್ಮನಿಯಿಂದ ಬಂದ ಆಹ್ವಾನವನ್ನು ತಿರಸ್ಕರಿಸಿದ್ದ ಅವನು ಯುದ್ಧಕಾಲದಲ್ಲಿ ಜರ್ಮನ್ ಅಧಿಕಾರಿಗಳು ಮನೆಗೇ ಬಂದು ಕರೆದಾಗಲೂ ಒಪ್ಪಲಿಲ್ಲ. ಯುದ್ಧ ಮುಗಿದರೆ ಗೆದ್ದ ದೇಶಗಳು ಸ್ಪೇನಿನ ಸರ್ವಾಧಿಕಾರವನ್ನೂ ಕೊನೆಗಾಣಿಸುವುವೆಂದು ನಂಬಿ 1945ರಲ್ಲಿ ಇಂಗ್ಲೆಂಡಿನಲ್ಲಿ ನುಡಿಸಿದನು. ಆ ದೇಶಗಳು ಫ್ರಾಂಕೊನನ್ನು ಸಹಿಸಿಕೊಳ್ಳಲಿವೆಯೆಂಬುದು ಸ್ಪಷ್ಟವಾದಾಗ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಗೌರವ ಪದವಿಗಳನ್ನು ನಿರಾಕರಿಸಿ, ಫ್ರಾಂಕೊ ಸರ್ಕಾರವನ್ನು ಮಾನ್ಯ ಮಾಡಿದ ದೇಶಗಳಲ್ಲಿ ಇನ್ನು ನುಡಿಸುವುದಿಲ್ಲವೆಂದು ನಿರ್ಧರಿಸಿದನು. ಸೈನ್ಯವಾಗಲಿ ಅಧಿಕಾರವಾಗಲಿ ಇಲ್ಲದ ವಾದಕನ ಕೈಯಲ್ಲಿದ್ದ ಏಕೈಕ ಬಲವೆಂದರೆ ತನ್ನ ನಾದವನ್ನು ತಡೆಹಿಡಿಯುವುದು. ಸಂಗೀತವೇ ಉಸಿರಾದವನಿಗೆ ಅದು ತನಗೆ ತಾನೇ ವಿಧಿಸಿಕೊಂಡ ಶಿಕ್ಷೆಯೂ ಆಗಿತ್ತು.

ಅವನು ಹೊರಡಲೊಲ್ಲನೆಂದಾಗ ಸಂಗೀತಗಾರರೇ ಅವನಿದ್ದಲ್ಲಿಗೆ ಬಂದರು. ಬಾಖ್ ತೀರಿಕೊಂಡು ಇನ್ನೂರು ವರ್ಷ ತುಂಬಿದ 1950ರಲ್ಲಿ, ಪಿಟೀಲುವಾದಕ ಅಲೆಕ್ಸಾಂಡರ್ ಶ್ನೈಡರ್‌ನ ಒತ್ತಾಯದಿಂದ ಪ್ರಾದ್‌ನಲ್ಲಿಯೇ ಬಾಖ್ ಉತ್ಸವ ಏರ್ಪಟ್ಟು, ರುಡಾಲ್ಫ್ ಸರ್ಕಿನ್, ಐಸಾಕ್ ಸ್ಟರ್ನ್, ಕ್ಲಾರಾ ಹಾಸ್ಕಿಲ್ ಮೊದಲಾದವರು ಆ ಪುಟ್ಟ ಊರಿನಲ್ಲಿ ನೆರೆದರು. ಚರ್ಚಿನಲ್ಲಿ ನಡೆದ ಉತ್ಸವವನ್ನು ಎಪ್ಪತ್ತಮೂರರ ಕಸಾಲ್ಸ್ ಮೊದಲನೆಯ ಗುಚ್ಛವನ್ನು ಒಬ್ಬನೇ ನುಡಿಸಿ ಆರಂಭಿಸಿದನು: ಹದಿಮೂರರ ವಯಸ್ಸಿನಲ್ಲಿ ಹಳೆಯ ಪುಸ್ತಕದಂಗಡಿಯಲ್ಲಿ ಕಂಡಿದ್ದ ಅದೇ ಜಿ ಸ್ವರ, ಅದೇ ಡಿ ಸ್ವರ, ಎ ತಂತಿಯ ಕಡೆಗೆ ಅದೇ ಏರಿಕೆ.

1955ರ ಕೊನೆಯಲ್ಲಿ ಅವನು ತಾಯಿ ಹುಟ್ಟಿದ ಪೋರ್ಟೊ ರಿಕೊವನ್ನು ಮೊದಲ ಬಾರಿಗೆ ಕಂಡು, ಮುಂದೆ ಅಲ್ಲಿಯೇ ನೆಲೆಸಿದನು. ಅವನ ನೇತೃತ್ವದಲ್ಲಿ ಆ ದ್ವೀಪದಲ್ಲಿ ವಾರ್ಷಿಕ ಉತ್ಸವ, ವಾದ್ಯವೃಂದ ಮತ್ತು ಸಂಗೀತ ವಿದ್ಯಾಲಯ ಹುಟ್ಟಿಕೊಂಡವು. ವ್ರತದ ಬಿಗಿಯೊಳಗೆ ಅವನು ಕೆಲವು ವಿನಾಯಿತಿಗಳನ್ನು ಅಳೆದು ತೂಗಿ ಒಪ್ಪಿಕೊಂಡನು. 1958ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಸಭಾಂಗಣದಲ್ಲಿ ನುಡಿಸಿದ್ದು ಆ ಸ್ಥಳ ಯಾವೊಂದು ದೇಶಕ್ಕೂ ಸೇರಿದ್ದಲ್ಲವೆಂಬ ಕಾರಣದಿಂದ. 1961ರ ನವೆಂಬರಿನಲ್ಲಿ ಶ್ವೇತಭವನದಲ್ಲಿ ನುಡಿಸಿದ್ದು ಅಧ್ಯಕ್ಷ ಕೆನಡಿಯವರಲ್ಲಿ ಅವನು ಇರಿಸಿದ್ದ ಭರವಸೆಯಿಂದ. 1904ರ ಕಛೇರಿಯನ್ನು ಕೇಳಿದ್ದ ರೂಸ್‌ವೆಲ್ಟ್‌ನ ಮಗಳು ಆಲಿಸ್ ಐವತ್ತೇಳು ವರ್ಷಗಳ ಬಳಿಕ ಇದಕ್ಕೂ ಸಾಕ್ಷಿಯಾದಳು. 1971ರಲ್ಲಿ ವಿಶ್ವಸಂಸ್ಥೆ ಅವನಿಗೆ ಶಾಂತಿ ಪದಕವನ್ನು ನೀಡಿದಾಗ, ತೊಂಬತ್ತನಾಲ್ಕರ ವೃದ್ಧನು ಹಕ್ಕಿಗಳ ಹಾಡು ಎಂಬ ಕ್ಯಾಟಲನ್ ಜನಪದ ಧಾಟಿಯನ್ನು ನುಡಿಸುವ ಮುನ್ನ, ತನ್ನ ನಾಡಿನ ಹಕ್ಕಿಗಳು ಆಕಾಶದಲ್ಲಿ ಶಾಂತಿ ಶಾಂತಿ ಎಂದೇ ಹಾಡುತ್ತವೆಂದು ಸಭೆಗೆ ತಿಳಿಸಿದನು. 1973ರ ಅಕ್ಟೋಬರ್ 22ರಂದು ಸ್ಯಾನ್ ಹ್ವಾನ್‌ನಲ್ಲಿ ತೀರಿಕೊಂಡಾಗ ಫ್ರಾಂಕೊ ಇನ್ನೂ ಅಧಿಕಾರದಲ್ಲಿದ್ದುದರಿಂದ, ಅವನ ಅಸ್ಥಿ ಎಲ್ ವೆಂಡ್ರೆಲ್‌ನ ಮಣ್ಣನ್ನು ಸೇರಿದ್ದು ಸ್ಪೇನಿನಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆ, 1979ರಲ್ಲಿ.

ಕಸಾಲ್ಸ್ ಬಿಟ್ಟುಹೋದ ಎರಡು ಆಸ್ತಿಗಳಲ್ಲಿ ಒಂದನ್ನು ಜಗತ್ತು ಪೂರ್ಣವಾಗಿ ಸ್ವೀಕರಿಸಿತು. ಇಂದು ಬಾಖ್‌ನ ಗುಚ್ಛಗಳನ್ನು ಅಭ್ಯಾಸ ಮಾಡದ ಚೆಲ್ಲೊ ವಾದಕರಿಲ್ಲ. ಆರನ್ನೂ ಧ್ವನಿಮುದ್ರಿಸುವುದು ಆ ವೃತ್ತಿಯಲ್ಲಿ ಪ್ರೌಢಿಮೆಯ ಗುರುತೆನಿಸಿದೆ, ಅವನು ಸಡಿಲಗೊಳಿಸಿದ ತೋಳು ಮತ್ತು ಅಗಲಿಸಿದ ಬೆರಳುಗಳು ಪಾಠಶಾಲೆಗಳ ಸಾಮಾನ್ಯ ಶಿಕ್ಷಣವಾಗಿವೆ. ಎರಡನೆಯ ಆಸ್ತಿಯನ್ನು ಸ್ವೀಕರಿಸುವುದು ಅಷ್ಟು ಸುಲಭವಲ್ಲ, ಏಕೆಂದರೆ ಅದನ್ನು ಅಭ್ಯಾಸದಿಂದ ಪಡೆಯಲಾಗದು. ಒಂದು ಗುಚ್ಛವನ್ನು ಸಭೆಗೆ ತರಲು ಹನ್ನೆರಡು ವರ್ಷ ಕಾದವನ ತಾಳ್ಮೆಯೇ ತಾಯ್ನಾಡನ್ನು ತೊರೆದು ಮೂವತ್ತನಾಲ್ಕು ವರ್ಷ ಕಾದವನ ತಾಳ್ಮೆಯೂ ಆಗಿತ್ತು. ಕಮಾನು ತಂತಿಯನ್ನು ಬಿಟ್ಟ ಮೇಲೂ ಕಿವಿಯಲ್ಲಿ ನಿಲ್ಲುವ ಆ ತಳದ ಸ್ವರದಂತೆ, ಅವನು ನುಡಿಸದೆ ಉಳಿಸಿದ ವರ್ಷಗಳು ಅವನು ನುಡಿಸಿದ್ದೆಲ್ಲಕ್ಕೂ ಅಡಿಪಾಯವಾಗಿ ನಿಂತಿವೆ.